ಗಾಜಿನ ತಟ್ಟೆಯ ಸಾಕ್ಷ್ಯ

ರೋಗಕಾರಕ ಯೀಸ್ಟುಗಳಿಗೆ ಮದ್ದು ಹುಡುಕುವುದು ಕಠಿನ. ಅವುಗಳ ಜೀವಕೋಶಕ್ಕೆ ಬ್ಯಾಕ್ಟೀರಿಯಾಕ್ಕಿಂತ ಮನುಷ್ಯನ ಜೀವಕೋಶದೊಡನೆಯೇ ಹೆಚ್ಚು ನಂಟು. ಒಂದನ್ನು ಕೊಲ್ಲುವ ವಿಷ ಇನ್ನೊಂದನ್ನೂ ಬಿಡದು. ಮುಖ್ಯ ಭೇದವೊಂದು ಕೋಶದ ಪೊರೆಯಲ್ಲಿದೆ: ನಮ್ಮದರಲ್ಲಿ ಕೊಲೆಸ್ಟರಾಲ್, ಅವುಗಳಲ್ಲಿ ಎರ್ಗೋಸ್ಟೆರಾಲ್.

ಈ ಎರ್ಗೋಸ್ಟೆರಾಲಿನ ಉತ್ಪತ್ತಿಯನ್ನೇ ತಡೆಯುವ ಸಂಯುಕ್ತಗಳನ್ನು ಇಂಗ್ಲೆಂಡಿನ ಸ್ಯಾಂಡ್‌ವಿಚ್ ಪಟ್ಟಣದ ಫೈಜರ್ ಪ್ರಯೋಗಾಲಯದಲ್ಲಿ ಕೆನ್ ರಿಚರ್ಡ್‌ಸನ್ ಮತ್ತು ಸಂಗಡಿಗರು ಒಂದೊಂದಾಗಿ ಸಿದ್ಧಪಡಿಸಿದರು. ಗಾಜಿನ ತಟ್ಟೆಯಲ್ಲಿ ಯೀಸ್ಟ್ ಬೆಳೆಸಿ ಸಂಯುಕ್ತವನ್ನು ಪರೀಕ್ಷಿಸುವುದು ರೂಢಿ. ಅದನ್ನಷ್ಟೇ ನಂಬಿದ್ದರೆ ಫ್ಲುಕೊನಜೋಲ್ ಕಸದ ಬುಟ್ಟಿ ಸೇರುತ್ತಿತ್ತೇನೋ. ತಟ್ಟೆಯಲ್ಲಿ ಅದರ ಪ್ರಭಾವ ತೀರ ಅಲ್ಪವಾಗಿತ್ತು. ಆದರೆ ಅವರು ಕ್ಯಾಂಡಿಡಾ ಸೋಂಕು ತಗುಲಿದ ಇಲಿಗಳಿಗೇ ಔಷಧವನ್ನು ಕೊಟ್ಟು ನೋಡಿದರು. ಅಲ್ಲಿ ಅದು ಗೆದ್ದಿತು. ನೀರಿನಲ್ಲಿ ಕರಗುವ ಆ ವಸ್ತು ಬಾಯಿಯಿಂದ ಸಲೀಸಾಗಿ ರಕ್ತ ಸೇರಿ, ಯಕೃತ್ತಿನಲ್ಲಿ ಬಹುಪಾಲು ಒಡೆಯದೆ ಉಳಿದು, ಮಿದುಳಿನ ಸುತ್ತಲ ದ್ರವವನ್ನೂ ಮುಟ್ಟುತ್ತಿತ್ತು. ತಟ್ಟೆಗೆ ಇದಾವುದನ್ನೂ ನುಡಿಯುವ ಅರ್ಹತೆಯಿರಲಿಲ್ಲ. ನ್ಯಾಯಾಲಯದಲ್ಲಾದರೂ ಕಾಣದ ಸಂಗತಿಗೆ ಸಾಕ್ಷಿ ಹೇಳಿಸುವುದುಂಟೆ?

1990ರಲ್ಲಿ ಅಮೆರಿಕವೂ ಅನುಮತಿಸಿತು. ಕ್ರಿಪ್ಟೊಕಾಕಸ್ ಯೀಸ್ಟಿನಿಂದ ಮಿದುಳುಪೊರೆಯ ಉರಿಯೂತಕ್ಕೆ ತುತ್ತಾಗುತ್ತಿದ್ದ ಏಡ್ಸ್ ರೋಗಿಗಳಿಗೆ ನುಂಗುವ ಗುಳಿಗೆಯೊಂದು ದೊರೆಯಿತು. ಈಗ, 2009ರಲ್ಲಿ ಜಪಾನಿನ ವಿಜ್ಞಾನಿಗಳು ಮೊದಲು ವರ್ಣಿಸಿದ ಕ್ಯಾಂಡಿಡಾ ಆರಿಸ್ ಬಹುಮಟ್ಟಿಗೆ ಈ ಗುಳಿಗೆಗೆ ಮಣಿಯುತ್ತಿಲ್ಲ. ಹೊಸ ಸಂಯುಕ್ತಗಳು ಮತ್ತೆ ತಟ್ಟೆಯಿಂದ ಇಲಿಯತ್ತ ಸಾಗಿವೆ.