ಹುಟ್ಟಿದ ದಿನದ ಚುಚ್ಚುಮದ್ದು ತಪ್ಪದಿರಲಿ

ಕಳೆದ ಮಳೆಗಾಲದಲ್ಲಿ ಗುಬ್ಬಿ ಕಡೆಯ ಹಳ್ಳಿಯೊಂದರಿಂದ ಗಂಡ ಹೆಂಡತಿ ಎರಡು ವರ್ಷದ ಮಗುವನ್ನೆತ್ತಿಕೊಂಡು ತುಮಕೂರಿನ ನನ್ನ ಕ್ಲಿನಿಕ್‌ಗೆ ಬಂದಿದ್ದರು. ಆಕೆ ಮತ್ತೆ ಗರ್ಭಿಣಿ. ರಕ್ತ ಪರೀಕ್ಷೆಯಲ್ಲಿ 'ಹೆಪಟೈಟಿಸ್ ಬಿ' ಇದೆ ಎಂದು ಬಂದಿತ್ತು. ವಿಚಾರಿಸಿದಾಗ ಮೊದಲ ಬಸಿರಿನಲ್ಲೂ ಹಾಗೆಯೇ ಬಂದಿತ್ತೆಂದು ತಿಳಿಯಿತು. ಆ ರಿಪೋರ್ಟ್ ಗಂಡನ ಮನೆಯ ಬೀರುವಿನಲ್ಲೇ ಉಳಿಯಿತು. ಹೆರಿಗೆಗೆ ಆಕೆ ಕುಣಿಗಲ್ ಕಡೆಯ ತವರಿಗೆ ಹೋದಳು. ಶನಿವಾರ ರಾತ್ರಿ ಒಂದು ನರ್ಸಿಂಗ್ ಹೋಮ್‌ನಲ್ಲಿ ಹೆರಿಗೆಯಾಯಿತು. ಅಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮಗುವಿಗೆ ಈ ಲಸಿಕೆ ಬಿದ್ದದ್ದು ಆರು ವಾರಗಳ ನಂತರ. ನಾನು ಮಗುವಿನ ರಕ್ತ ಪರೀಕ್ಷೆ ಮಾಡಿಸಿದೆ. ಅದಕ್ಕೂ ಸೋಂಕು ತಗುಲಿತ್ತು. "ಇದು ನನ್ನ ತಪ್ಪಾ ಡಾಕ್ಟ್ರೇ?" ಎಂದು ಆ ತಾಯಿ ಕೇಳಿದಳು.

ತಪ್ಪು ಆಕೆಯದಲ್ಲ. ರಿಪೋರ್ಟ್ ನೋಡಿಯೂ ಅದರ ಅರ್ಥವನ್ನು ಬಿಡಿಸಿ ಹೇಳದ ನಮ್ಮದು, ಹೆರಿಗೆಯ ಹೊತ್ತಿನಲ್ಲಿ ಕೇಳದ ನಮ್ಮದು.

ಹೆಪಟೈಟಿಸ್ ಬಿ ಯಕೃತ್ತಿಗೆ, ಅಂದರೆ ಲಿವರ್‌ಗೆ ತಗಲುವ ವೈರಸ್. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತದೆ. ದೊಡ್ಡವರಿಗೆ ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿಯ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹುಟ್ಟುವಾಗಲೇ ತಗುಲಿದ ಹತ್ತು ಕೂಸುಗಳಲ್ಲಾದರೋ ಒಂಬತ್ತರಲ್ಲಿ ಅದು ಕಾಯಂ ಆಗಿ ನೆಲೆಸುತ್ತದೆ. ಮಗು ಆಡಿಕೊಂಡೇ ಇರುತ್ತದೆ, ಕಾಮಾಲೆಯೂ ಕಾಣುವುದಿಲ್ಲ. ಮೂವತ್ತು ನಲವತ್ತರ ವಯಸ್ಸಿಗೆ, ಸಂಸಾರದ ಭಾರ ಹೊತ್ತ ಕಾಲಕ್ಕೆ, ಸಿರೋಸಿಸ್ ಇಲ್ಲವೇ ಲಿವರ್ ಕ್ಯಾನ್ಸರ್ ಆಗಿ ಎದುರು ನಿಲ್ಲಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಈ ಸೋಂಕು ಹೊತ್ತವರು ಸುಮಾರು 2.98 ಕೋಟಿ.

ಇದನ್ನು ತಡೆಯುವ ಉಪಾಯ ಮಾತ್ರ ಬಹಳ ಸುಲಭ. ಹುಟ್ಟಿದ 24 ಗಂಟೆಯೊಳಗೆ ಮಗುವಿನ ತೊಡೆಗೆ ಅರ್ಧ ಎಂ.ಎಲ್. ಲಸಿಕೆ. ಆಮೇಲೆ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಚುಚ್ಚುಮದ್ದಿನ ಜೊತೆ ಮೂರು ಡೋಸ್. ತಾಯಿಗೆ ಸೋಂಕಿದ್ದರೆ ಹುಟ್ಟಿದ 12 ಗಂಟೆಯೊಳಗೆ ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ರೋಗನಿರೋಧಕವನ್ನೂ ಕೊಡಬೇಕು. ಇವೆರಡೂ ಸಕಾಲಕ್ಕೆ ಬಿದ್ದು ಲಸಿಕೆಯ ಎಲ್ಲ ಡೋಸ್‌ಗಳೂ ಮುಗಿದರೆ ನೂರಕ್ಕೆ 85ರಿಂದ 95ರಷ್ಟು ಸೋಂಕು ತಪ್ಪುತ್ತದೆ. ತಾಯಿಯ ರಕ್ತದಲ್ಲಿ ವೈರಸ್ ತೀರಾ ಹೆಚ್ಚಿದ್ದರೆ ಬಸಿರಿನ ಏಳನೇ ತಿಂಗಳಿಂದ ಟೆನೊಫೊವಿರ್ ಮಾತ್ರೆ ಕೊಡುವ ಕ್ರಮವೂ ಇದೆ. ತೈವಾನ್ ದೇಶ 1984ರಲ್ಲಿ ನವಜಾತ ಶಿಶುಗಳಿಗೆ ಈ ಲಸಿಕೆ ಹಾಕಲು ಆರಂಭಿಸಿತು. ಹತ್ತು ವರ್ಷದೊಳಗೆ ಅಲ್ಲಿ 6ರಿಂದ 14 ವಯಸ್ಸಿನ ಮಕ್ಕಳ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿಯಿತು.

ನಮ್ಮಲ್ಲೂ ಲಸಿಕೆಗೆ ಕೊರತೆಯಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇದನ್ನು ದೇಶದಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. 2007-08ರಲ್ಲಿ ಸರ್ಕಾರಿ ಲಸಿಕಾ ಪಟ್ಟಿಗೆ ಇದನ್ನು ಸೇರಿಸಿದ ಹತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಗರ್ಭಿಣಿಯರ ಪರೀಕ್ಷೆ, ಚಿಕಿತ್ಸೆ, ಇಮ್ಯುನೊಗ್ಲಾಬ್ಯುಲಿನ್ ಎಲ್ಲಕ್ಕೂ ಉಚಿತ ಅವಕಾಶವಿದೆ.

ಹಾಗಾದರೆ ತಪ್ಪುವುದೆಲ್ಲಿ? ಸಮಯದಲ್ಲಿ. ಕೂಸು ಭಾನುವಾರ, ಹಬ್ಬ ಎಂದು ನೋಡಿ ಹುಟ್ಟುವುದಿಲ್ಲ. "ಲಸಿಕೆ ಹಾಕುವ ಸಿಸ್ಟರ್ ನಾಳೆ ಬರ್ತಾರೆ" ಎಂಬ ಒಂದು ಮಾತಿನಲ್ಲಿ 24 ಗಂಟೆ ಕಳೆದುಹೋಗುತ್ತದೆ. ಒಂದು ಮಗುವಿಗಾಗಿ ಹತ್ತು ಡೋಸ್‌ನ ಸೀಸೆ ಒಡೆದರೆ ಉಳಿದದ್ದು ವ್ಯರ್ಥ ಎಂಬ ಅಳುಕು ಕೆಲವರಿಗೆ. ಸರಿಯಾದ ತಂಪಿನಲ್ಲಿ ಇಟ್ಟರೆ ತೆರೆದ ಸೀಸೆಯನ್ನು 28 ದಿನ ಬಳಸಬಹುದೆಂಬ ನಿಯಮವಿದೆ. ಇನ್ನು ಮನೆಯ ಹಿರಿಯರು "ಹಸುಗೂಸಿಗೆ ಇವತ್ತೇ ಸೂಜಿ ಬೇಡ" ಎನ್ನುತ್ತಾರೆ. ಬಿಸಿಜಿ ತಡವಾದರೆ ವರ್ಷದೊಳಗೆ ಹಾಕಿಸಬಹುದು, ಮೊದಲ ಪೋಲಿಯೋ ಹನಿಗೆ ಹದಿನೈದು ದಿನದ ಗಡುವಿದೆ. ಇದಕ್ಕೆ ಅಂಥ ರಿಯಾಯಿತಿ ಇಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ಹೆರಿಗೆ ನಡೆಯುವ ಕಡೆಯಲ್ಲೆಲ್ಲ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಈ ಲಸಿಕೆ ಹೆರಿಗೆ ಕೊಠಡಿಯ ಪಕ್ಕದ ಫ್ರಿಜ್‌ನಲ್ಲಿರಬೇಕು. ಹೊಕ್ಕುಳಬಳ್ಳಿ ಕತ್ತರಿಸುವ ಸಿಬ್ಬಂದಿಯೇ ಅದನ್ನು ಹಾಕಬೇಕು. ತಾಯಿಯ ರಿಪೋರ್ಟ್ ನೆಗೆಟಿವ್ ಇದ್ದರೂ ಹಾಕಬೇಕು.

ಮನೆಯವರು ಮಾಡಬೇಕಾದದ್ದು ಇಷ್ಟು. ಮೂರನೇ ತಿಂಗಳೊಳಗೆ ಈ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿ. ಮಗಳು ತವರಿಗೆ ಹೊರಟಾಗ ಸೀರೆ, ಬಳೆಗಿಂತ ಮೊದಲು ಆ ಕಾರ್ಡ್ ಚೀಲಕ್ಕೆ ಸೇರಲಿ. ಪಾಸಿಟಿವ್ ಇದ್ದರೆ ಇಮ್ಯುನೊಗ್ಲಾಬ್ಯುಲಿನ್ ಎಲ್ಲಿ ಸಿಗುತ್ತದೆಂದು ಎಂಟನೇ ತಿಂಗಳಲ್ಲೇ ವಿಚಾರಿಸಿಡಿ. ಅದು ಎಲ್ಲ ಕಡೆ ಸಿದ್ಧವಿರುವುದಿಲ್ಲ. ಗಂಡ ಮತ್ತು ಮನೆಮಂದಿ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಲಿ.

ಒಂದು ಮಾತು ಅತ್ತೆಯಂದಿರಿಗೆ. ಸೊಸೆಯ ತಟ್ಟೆ ಲೋಟ ಬೇರೆ ಮಾಡಬೇಡಿ. ಜೊತೆಯಲ್ಲಿ ಉಣ್ಣುವುದರಿಂದ, ಮಗುವನ್ನು ಎತ್ತಿ ಮುದ್ದಿಸುವುದರಿಂದ ಇದು ಅಂಟುವುದಿಲ್ಲ. ಮಗುವಿಗೆ ಚುಚ್ಚುಮದ್ದು ಬಿದ್ದ ಮೇಲೆ ಧಾರಾಳವಾಗಿ ಎದೆಹಾಲು ಕೊಡಬಹುದು. ಆಕೆಗೂ ಹುಟ್ಟುವಾಗ ತನ್ನ ತಾಯಿಯಿಂದಲೇ ಇದು ಬಂದಿರಬಹುದು. ಶೀಲದ ಮಾತು ಎತ್ತುವುದು ಅನ್ಯಾಯ.

ಆ ತಾಯಿಗೆ ಈ ವರ್ಷದ ಆರಂಭದಲ್ಲಿ ಎರಡನೆಯ ಹೆರಿಗೆಯಾಯಿತು. ಕೂಸಿಗೆ ಎರಡು ಚುಚ್ಚುಮದ್ದೂ ಹೆರಿಗೆ ಕೊಠಡಿಯಲ್ಲೇ ಬಿದ್ದವು. ಒಂಬತ್ತು ತಿಂಗಳು ತುಂಬಿದ ಮೇಲೆ ಪರೀಕ್ಷೆ ಮಾಡಿಸಬೇಕು. ಮೊದಲ ಮಗುವನ್ನು ಆರು ತಿಂಗಳಿಗೊಮ್ಮೆ ತಜ್ಞರಿಗೆ ತೋರಿಸಬೇಕು, ಬಹುಶಃ ಜೀವನಪೂರ್ತಿ. ಒಂದೇ ಮನೆಯ ಈ ಎರಡು ಮಕ್ಕಳ ನಡುವಿನ ವ್ಯತ್ಯಾಸ ಹುಟ್ಟಿದ ದಿನದ ಚುಚ್ಚುಮದ್ದು ಮಾತ್ರ.