ಅಘನಾಶಿನಿಗೆ ರಾಮ್ಸಾರ್ ಮಾನ್ಯತೆ: ವಲಸೆ ಹಕ್ಕಿ ಉಳಿಸಲು ಅದಷ್ಟೇ ಸಾಕೇ?

ಕುಮಟಾ ಬಳಿಯ ಅಘನಾಶಿನಿ ಅಳಿವೆಯು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ರಾಜ್ಯದ ಕರಾವಳಿಗೆ ಈ ಮಾನ್ಯತೆ ಸಿಕ್ಕಿದ್ದು ಇದೇ ಮೊದಲು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಐಯುಸಿಎನ್, ಕಡಲತೀರದ 16 ವಲಸೆ ಹಕ್ಕಿಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿತು. ಭಾರತದಲ್ಲಿ ಚಳಿಗಾಲ ಕಳೆಯುವ ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಗ್ರೇ ಪ್ಲೋವರ್ ಕೂಡ ಅದರಲ್ಲಿವೆ.

ಇಂಥ ಹಕ್ಕಿಗಳು ಇಳಿತದ ವೇಳೆ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ ಹುಳು, ಏಡಿ, ಚಿಪ್ಪುಜೀವಿಗಳನ್ನು ಹೆಕ್ಕಿ ತಿನ್ನುತ್ತವೆ. ಅಘನಾಶಿನಿಯಲ್ಲಿ ಅದೇ ಕೆಸರಿನ ಬಳಚು ಅನೇಕ ಕುಟುಂಬಗಳ ಜೀವನಾಧಾರ.

ಅಪರೂಪದ ಹಕ್ಕಿಯ ಒಂದು ಫೋಟೊ ಸುದ್ದಿಯಾಗಿ ಮರೆಯಾಗುತ್ತದೆ. ತದಡಿ ಬಂದರಿನಂಥ ಯೋಜನೆಗಳು ಚರ್ಚೆಗೆ ಬಂದಾಗ ಬೇಕಾಗುವುದು ಪ್ರತಿ ಚಳಿಗಾಲದ ಗಣತಿಯ ದಾಖಲೆ. ಹಾಗಾಗಿ ಹಕ್ಕಿ ವೀಕ್ಷಕರು ಸಾಮಾನ್ಯ ಹಕ್ಕಿಗಳನ್ನೂ ಎಣಿಸಿಡಬೇಕು. ಲೆಕ್ಕವೇ ಇಲ್ಲದಿದ್ದರೆ, ಎಷ್ಟು ಕಳೆದುಕೊಂಡೆವು ಎಂಬುದೂ ತಿಳಿಯುವುದಿಲ್ಲ.