ಮೈನರ್ ಟ್ವೀಕ್ಸ್ ಅಂತ ಬರೆಯೋ ಮುಂಚೆ

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಒಂದು ಪುಟ ಬರೆಯೋಕೆ ಕೂತರೆ ಒತ್ತಕ್ಷರ ಎಲ್ಲಿ ಬರುತ್ತೆ ಅಂತ ಅಮ್ಮನಿಗೆ ವಾಟ್ಸಾಪ್ ಮಾಡ್ತೀನಿ. ಆದ್ರೆ ಇಂಗ್ಲಿಷ್ ಮಾತ್ರ ಚೆನ್ನಾಗಿ ಬರುತ್ತೆ ಅನ್ನೋ ಧೈರ್ಯ ಇತ್ತು. ಹೋದ ಸೆಮಿಸ್ಟರ್‌ನಲ್ಲಿ ಐದೇ ಅಕ್ಷರದ ಒಂದು ಇಂಗ್ಲಿಷ್ ಪದ ಆ ಧೈರ್ಯ ಇಳಿಸಿತು. ಆ ಪದ ‘ಟ್ವೀಕ್’.

ನಮ್ಮಲ್ಲಿ ಈ ಪದ ಬಳಸದೇ ಇರೋರು ಯಾರಿದ್ದಾರೆ ಹೇಳಿ? ಕೋಡ್ ಟ್ವೀಕ್ ಮಾಡ್ತೀವಿ, ರೆಸ್ಯೂಮೆ ಟ್ವೀಕ್ ಮಾಡ್ತೀವಿ, ಸೀನಿಯರ್ ಕೊಟ್ಟ ಲ್ಯಾಬ್ ರೆಕಾರ್ಡನ್ನ ‘ಸ್ವಲ್ಪ ಟ್ವೀಕ್’ ಮಾಡಿ ಸಬ್ಮಿಟ್ ಮಾಡ್ತೀವಿ. ನಾನೂ ಹಾಗೇ ಬಳಸ್ತಿದ್ದೆ.

ನಮ್ಮ ಮಿನಿ ಪ್ರಾಜೆಕ್ಟ್ ಒಂದು ಲೈನ್ ಫಾಲೋವರ್ ರೋಬೋ. ಐದು ಐಆರ್ ಸೆನ್ಸರ್, ಎರಡು ಮೋಟರ್. ಡೆಮೊ ಹಿಂದಿನ ದಿನ ಸಂಜೆ ಚೆನ್ನಾಗೇ ಓಡ್ತಿತ್ತು, ಉದ್ದನೆಯ ತಿರುವಲ್ಲಿ ಮಾತ್ರ ಗೆರೆಯ ಅಂಚಿಗೆ ಸರೀತಿತ್ತು. ಅಲ್ಲಿವರೆಗೂ ನಮ್ಮ ಕಂಟ್ರೋಲರ್‌ನಲ್ಲಿ ಪ್ರಪೋರ್ಷನಲ್ ಮತ್ತು ಡಿರೈವೆಟಿವ್ ಎರಡೇ ಭಾಗ ಇದ್ದಿದ್ದು. ರಾತ್ರಿ ಎರಡು ಗಂಟೆಗೆ ನಾನು ಇಂಟಿಗ್ರಲ್ ಭಾಗವನ್ನೂ ಸೇರಿಸಿದೆ. ಎರಡು ಸುತ್ತು ಓಡಿಸಿದೆ, ತಿರುವು ಸರಿಹೋಯ್ತು. ಕಮಿಟ್ ಮೆಸೇಜ್‌ನಲ್ಲಿ ‘ಮೈನರ್ ಟ್ವೀಕ್ಸ್’ ಅಂತ ಹಾಕಿ ಮಲಗಿದೆ.

ಬೆಳಿಗ್ಗೆ ಡೆಮೊ ಕೊಟ್ಟಿದ್ದು ನನ್ನ ರೂಮ್‌ಮೇಟ್, ಹುಬ್ಬಳ್ಳಿ ಕಡೆಯವನು. ರೋಬೋ ಆನ್ ಮಾಡಿ ಕೈಯಲ್ಲಿ ಹಿಡ್ಕೊಂಡೇ ಸರ್ ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟ. ಗೆರೆ ಕಾಣದೇ ಇದ್ದಾಗ ಕೊನೆಯ ಎರರ್ ಅನ್ನೇ ಹಿಡಿದಿಟ್ಟುಕೊಳ್ಳೋ ಹಾಗೆ ನಮ್ಮ ಕೋಡ್ ಇತ್ತು. ಅವನು ಮಾತಾಡ್ತಿದ್ದಷ್ಟು ಹೊತ್ತೂ ಇಂಟಿಗ್ರಲ್ ಆ ಎರರ್ ಅನ್ನ ಕೂಡಿಸ್ತಾನೇ ಹೋಯ್ತು. ಅದಕ್ಕೊಂದು ಮಿತಿ ಹಾಕೋದನ್ನ ನಾನು ಮರೆತಿದ್ದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತು, ಇದಕ್ಕೆ ಇಂಟಿಗ್ರಲ್ ವೈಂಡಪ್ ಅಂತಾರೆ. ಟ್ರ್ಯಾಕ್ ಮೇಲೆ ಇಟ್ಟ ತಕ್ಷಣ ರೋಬೋ ಗರ್‍ರ್ ಅಂತ ಪಕ್ಕಕ್ಕೆ ತಿರುಗಿ ಟೇಬಲ್ ಕಾಲಿಗೆ ಹೋಗಿ ಗುದ್ದಿತು. ಮತ್ತೆ ಕೈಗೆ ತಗೊಂಡ, ವೈರ್ ಚೆಕ್ ಮಾಡಿದ, ಇಟ್ಟ. ಮತ್ತೆ ಅದೇ ಕಥೆ.

“ನಿನ್ನೆಯಿಂದ ಏನಾದ್ರೂ ಚೇಂಜ್ ಮಾಡಿದ್ರಾ?” ಅಂದರು ಸರ್. ಅವನು ಲ್ಯಾಪ್‌ಟಾಪ್ ನೋಡಿ ಹೇಳಿದ: “ಏನಿಲ್ರಿ ಸರ್, ಮೈನರ್ ಟ್ವೀಕ್ಸ್ ಅಷ್ಟ.”

ನಾನು ಪಕ್ಕದಲ್ಲೇ ನಿಂತಿದ್ದೆ. ಏನಾಗಿದೆ ಅಂತ ಆ ಕ್ಷಣಕ್ಕೆ ನನಗೆ ಹೊಳೆದಿತ್ತು. ಬಾಯಿ ಬಿಡಲಿಲ್ಲ. ತನ್ನ ಪ್ರಾಜೆಕ್ಟ್ ತನಗೇ ಗೊತ್ತಿಲ್ಲ ಅಂತ ಅವನ ಮಾರ್ಕ್ಸ್ ಕಟ್ ಆಯ್ತು.

ಅಂದು ರಾತ್ರಿ ಡಿಕ್ಷನರಿ ತೆಗೆದು ನೋಡಿದೆ. ಟ್ವೀಕ್ ಅನ್ನೋದರ ಹಳೆಯ ಅರ್ಥ ಬೆರಳಲ್ಲಿ ಹಿಡಿದು ಚಿವುಟೋದು, ಹಿಂಡೋದು. ಶೇಕ್ಸ್‌ಪಿಯರ್ ‘ಹ್ಯಾಮ್ಲೆಟ್’ ನಾಟಕದಲ್ಲಿ ಮೂಗು ಹಿಂಡೋ ಅರ್ಥದಲ್ಲೇ ಇದನ್ನ ಬಳಸಿದ್ದಾನೆ. ಯಂತ್ರವನ್ನ ಸಣ್ಣದಾಗಿ ಸರಿಹೊಂದಿಸೋದು ಅನ್ನೋ ನಮ್ಮ ಅರ್ಥ ಚಾಲ್ತಿಗೆ ಬಂದಿದ್ದು ಇಪ್ಪತ್ತನೇ ಶತಮಾನದಲ್ಲಿ. ಮೈಕ್ರೋಸ್ಕೋಪಲ್ಲಿ ದೊಡ್ಡ ತಿರುಗಣೆಯಿಂದ ಫೋಕಸ್ ಹತ್ತಿರಕ್ಕೆ ತಂದು, ಆಮೇಲೆ ಸಣ್ಣ ತಿರುಗಣೆಯನ್ನ ಕೂದಲೆಳೆಯಷ್ಟು ತಿರುಗಿಸ್ತೀವಲ್ಲ, ಅದು ಟ್ವೀಕ್. ತಂಬೂರಿಯಲ್ಲಿ ಬಿರಡೆ ತಿರುಗಿಸಿ ತಂತಿಯನ್ನ ಶ್ರುತಿ ಹತ್ತಿರಕ್ಕೆ ತಂದ ಮೇಲೆ, ಕೆಳಗಿರೋ ಪುಟ್ಟ ಮಣಿಯನ್ನ ಚೂರು ಸರಿಸ್ತಾರಲ್ಲ, ಅದೂ ಟ್ವೀಕೇ. ವಸ್ತು ಆಗಲೇ ಕೆಲಸ ಮಾಡ್ತಿರಬೇಕು, ಅದರ ರಚನೆ ಹಾಗೇ ಉಳೀಬೇಕು, ಬದಲಾವಣೆ ಚಿಕ್ಕದಿರಬೇಕು. ಪ್ರಪೋರ್ಷನಲ್ ಗೇನ್ 1.2 ಇದ್ದಿದ್ದನ್ನ 1.3 ಮಾಡಿದ್ರೆ ಟ್ವೀಕ್. ಇಲ್ಲದೇ ಇದ್ದ ಇಂಟಿಗ್ರಲ್ ಸೇರಿಸಿದ್ರೆ ಅದು ಬೇರೆ ಕಂಟ್ರೋಲರ್.

ರೂಮ್‌ಮೇಟ್‌ಗೆ ಇದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ಕಿವಿ ಹಿಂಡೇನಿ ಅಂತ ಹೇಳಿ ತಲೀನ ಬದ್ಲಿ ಮಾಡೀಯಲ್ಲಲೇ.”

ನನಗೆ ಅನ್ನಿಸೋದು ಇಷ್ಟು. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಇಂಗ್ಲಿಷ್ ಪದಗಳು ಸಲೀಸಾಗಿ ಬಾಯಿಗೆ ಬರುತ್ತವೆ. ಸಲೀಸಾಗಿ ಬರೋದ್ರಿಂದಲೇ ಅರ್ಥ ನೋಡೋಕೆ ಹೋಗಲ್ಲ. ಅದೇ ಕನ್ನಡದಲ್ಲಿ ಬರೀಬೇಕು ಅಂದ್ರೆ ನಿಂತು ಯೋಚಿಸ್ತೀವಿ: ನಾನು ಮಾಡಿದ್ದು ಹೊಂದಿಸಿದ್ದಾ, ತಿದ್ದಿದ್ದಾ, ಸೇರಿಸಿದ್ದಾ, ಬದಲಿಸಿದ್ದಾ? ಹೊಂದಿಸಿದ್ದು ಅಂದ್ರೆ ಟ್ವೀಕ್ ಅನ್ನಬಹುದು. ತಿದ್ದಿದ್ದು ಅಂದ್ರೆ ಅಲ್ಲೊಂದು ತಪ್ಪಿತ್ತು, ಅದು ಫಿಕ್ಸ್. ಸೇರಿಸಿದ್ದು, ಬದಲಿಸಿದ್ದು ಅಂದ್ರೆ ಹಾಗಂತಲೇ ಬರೀಬೇಕು. ಆ ರಾತ್ರಿ ಈ ಪ್ರಶ್ನೆ ಕೇಳ್ಕೊಂಡಿದ್ರೆ ‘ಇಂಟಿಗ್ರಲ್ ಸೇರಿಸಿದ್ದೇನೆ’ ಅಂತ ನನಗೇ ಕಾಣ್ತಿತ್ತು. ನನ್ನ ಗೆಳೆಯ ಅದನ್ನ ಓದಿದ್ದಿದ್ರೆ ಡೆಮೊಗೆ ಮುಂಚೆ ಒಂದ್ಸಲ ಓಡಿಸಿ ನೋಡ್ತಿದ್ದ.

ಒಂದು ಪದಕ್ಕೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ ಅಂತ ಕೇಳಬಹುದು. ನಮ್ಮದು ಆಟಿಕೆ ರೋಬೋ, ಹೋಗಿದ್ದು ಮಾರ್ಕ್ಸ್. ಆದ್ರೆ 1981ರ ಜುಲೈ 17ರಂದು ಅಮೆರಿಕದ ಕನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಲ್ಲಿ ಎರಡು ತೂಗು ನಡಿಗೆದಾರಿಗಳು ಕುಸಿದು 114 ಜನ ಸತ್ತರು. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಸರಳು ಮೇಲಿನ ದಾರಿಯನ್ನೂ ಕೆಳಗಿನ ದಾರಿಯನ್ನೂ ಹಿಡಿದಿರಬೇಕಿತ್ತು. ಕಟ್ಟುವಾಗ ಅನುಕೂಲಕ್ಕೆ ಅಂತ ಅದನ್ನ ಎರಡು ಸರಳು ಮಾಡಿದರು. ಚಾವಣಿಯಿಂದ ಮೇಲಿನ ದಾರಿಗೆ ಒಂದು, ಅಲ್ಲಿಂದ ಕೆಳಗಿನದಕ್ಕೆ ಇನ್ನೊಂದು. ಡ್ರಾಯಿಂಗಲ್ಲಿ ನೋಡಿದರೆ ಚಿಕ್ಕ ವ್ಯತ್ಯಾಸ. ಆದ್ರೆ ಮೇಲಿನ ಜೋಡಣೆ ಈಗ ಎರಡೂ ದಾರಿಗಳ ಭಾರ ಹೊರಬೇಕಾಯ್ತು, ಅಂದ್ರೆ ದುಪ್ಪಟ್ಟು. ಮೊದಲಿನ ವಿನ್ಯಾಸವೂ ನಿಯಮಕ್ಕೆ ತಕ್ಕಷ್ಟು ಗಟ್ಟಿ ಇರಲಿಲ್ಲ, ಈ ಬದಲಾವಣೆ ಅದನ್ನ ಇನ್ನೂ ಹದಗೆಡಿಸಿತು. ಚಿಕ್ಕದಾಗಿ ಕಂಡ ಬದಲಾವಣೆಯನ್ನ ಯಾರೂ ಮತ್ತೆ ಲೆಕ್ಕ ಹಾಕಿ ನೋಡಲಿಲ್ಲ. ಮುಂದೆ ನಾವು ಸಹಿ ಹಾಕೋದು ಇಂಥ ಡ್ರಾಯಿಂಗ್‌ಗಳಿಗೇ ತಾನೇ?

ಹಾಗಾದ್ರೆ ಬರೆಯೋದು ಹೇಗೆ? ನಾನು ಪಾಲಿಸ್ತಿರೋದನ್ನ ಹೇಳ್ತೀನಿ. ಸ್ಪೆಲಿಂಗಲ್ಲಿ ಡಬಲ್ ‘ಇ’ ಇಲ್ಲ; ‘ಇ’ ಆದಮೇಲೆ ‘ಎ’. ನಮ್ಮ ಕ್ಲಾಸಲ್ಲೊಬ್ಬ ಗಡಿಬಿಡೀಲಿ ‘ಆಂಪ್ಲಿಫಯರನ್ನು ಟ್ವರ್ಕ್ ಮಾಡಿದೆವು’ ಅಂತ ರಿಪೋರ್ಟಲ್ಲಿ ಬರೆದು ವಾರಗಟ್ಟಲೆ ನಗೆಪಾಟಲಾಗಿದ್ದ. ‘ಮೈನರ್ ಟ್ವೀಕ್’ ಅನ್ನೋದು ‘ವಾಪಸ್ ರಿಟರ್ನ್’ ಅಂದ ಹಾಗೆ, ಸಣ್ಣದು ಅನ್ನೋದು ಪದದೊಳಗೇ ಇದೆ. ‘ಟ್ವೀಕಿಂಗ್ಸ್’ ಅಂತ ಬರೆಯೋ ಅಗತ್ಯವೇ ಇಲ್ಲ. ಇನ್ನು ಇದು ಮಾತಿನ ಧಾಟಿಯ ಪದ. ಕಮಿಟ್ ಮೆಸೇಜ್‌ಗೆ ನಡೆಯುತ್ತೆ, ಪ್ರಾಜೆಕ್ಟ್ ರಿಪೋರ್ಟ್‌ಗೆ ‘ಅಡ್ಜಸ್ಟ್’ ವಾಸಿ. ಎರಡರಲ್ಲೂ ಯಾವುದನ್ನ, ಎಷ್ಟರಿಂದ ಎಷ್ಟಕ್ಕೆ ಅನ್ನೋದು ಬರಲೇಬೇಕು. ಆ ಸಂಖ್ಯೆ ಬರೆಯೋಕೆ ಆಗ್ತಿಲ್ಲ ಅಂದ್ರೆ ನೀವು ಮಾಡಿದ್ದು ಬಹುಶಃ ಟ್ವೀಕ್ ಅಲ್ಲ.

ಮರುವಾರ ಸರ್ ಹತ್ರ ಹೋಗಿ ನಡೆದದ್ದನ್ನ ಹೇಳಿದೆ. ಮಾರ್ಕ್ಸ್ ಆಗಲೇ ಅಪ್‌ಲೋಡ್ ಆಗಿತ್ತು, ಬದಲಾಗಲಿಲ್ಲ. ರೂಮ್‌ಮೇಟ್ ಈಗಲೂ ನನ್ನ ಜೊತೆಗೇ ಪ್ರಾಜೆಕ್ಟ್ ಮಾಡ್ತಾನೆ, ಆದ್ರೆ ನಾನು ಏನೇ ಪುಷ್ ಮಾಡಿದ್ರೂ ಒಂದು ಮಾತು ಕೇಳದೇ ಬಿಡಲ್ಲ: “ಕಿವಿನೋ, ತಲಿನೋ?”